ಮೂರು ಬೆರಳಿನ ಹೊಸಿಲು

ಬುರುಲ್‌ಳ ಮೂಗು ಸತ್ತು ಎರಡು ವರ್ಷವಾಗಿತ್ತು. ಕಾಯಿಲೆಯಿಂದಲ್ಲ, ರೂಢಿಯಿಂದ. ದಿನಕ್ಕೆ ನಾಲ್ಕು ಸಲ ಗಂಡನ ಉಚ್ಚೆಯ ಚೀಲವನ್ನು ಕೊಳವೆಯಿಂದ ಬಿಡಿಸಿಕೊಂಡು, ಶಾಲಿನ ಮರೆಯಲ್ಲಿ ಹಿಡಿದು, ಮಾವನ ಎದುರು, ಮನೆಗೆ ಬಂದ ನೆಂಟರಿಷ್ಟರ ಎದುರು ತಲೆ ತಗ್ಗಿಸಿ ನಡೆದು, ಹೊಸಿಲು ದಾಟಿ, ಮೂರು ಮೆಟ್ಟಿಲು ಇಳಿದು, ಅಂಗಳದಾಚೆಯ ಪಾಯಿಖಾನೆಗೆ ಸುರಿದು ಬರಬೇಕಾದವಳಿಗೆ ಮೂಗು ಚುರುಕಾಗಿದ್ದರೆ ಸಂಸಾರ ಮಾಡುವುದು ಕಷ್ಟ. ಮೊದಮೊದಲು ವಾಸನೆ ಬರುತ್ತಿತ್ತು, ಅಳುವೂ ಬರುತ್ತಿತ್ತು. ಆಮೇಲೆ ಎರಡೂ ಒಟ್ಟಿಗೇ ನಿಂತುಹೋದವು. ಯಾವಾಗ ನಿಂತವು ಅಂತ ಕೇಳಿದರೆ ಅವಳಿಗೇ ಗೊತ್ತಿಲ್ಲ.

ಅವಳು ನಮ್ಮ ಬೆಟ್ಟದೂರು ಬೆಶ್‌ಜಂಗಾಕ್‌ಗೆ ಸೊಸೆಯಾಗಿ ಬಂದದ್ದು ಹನ್ನೊಂದು ವರ್ಷದ ಹಿಂದೆ, ಕೆಳಗಿನ ಬಯಲಿನ ಹತ್ತಿ ಬೆಳೆಯುವ ಊರಿನಿಂದ. ಹೊರಡುವಾಗ ಅವಳ ತಾಯಿ ಹೇಳಿ ಕಳಿಸಿದ ಬುದ್ಧಿಮಾತು ಒಂದೇ: ಅತ್ತೆಮನೆಯ ಹೊಸಿಲಿಗಿಂತ ನಿನ್ನ ದನಿ ಎತ್ತರ ಆಗಬಾರದು. ಬುರುಲ್ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಬಲಗಾಲಿಟ್ಟು ಹೊಸಿಲು ದಾಟಿದಳು, ಮೂರು ಸಲ ಬಾಗಿ ನಮಿಸಿದಳು, ಅಲ್ಲಿಂದಾಚೆ ಮಾವನ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರಲಿಲ್ಲ, ಅವನ ಮಾತಿಗೆ ಎದುರಾಡಲಿಲ್ಲ. ಮಾವ ಶೇರ್ಮತ್ ಕೆಟ್ಟವನೇನಲ್ಲ. ಹೆಂಡತಿ ಸತ್ತ ಮೇಲೆ ಮಾತು ಕಡಿಮೆ ಮಾಡಿದ್ದ, ಅಷ್ಟೆ. ಬಡಗಿ ಕೆಲಸದಲ್ಲಿ ಅವನ ಕೈಗೆ ಸಮ ಇಲ್ಲ ಅಂತ ಊರೇ ಒಪ್ಪುತ್ತಿತ್ತು, ಅವನೂ ಒಪ್ಪುತ್ತಿದ್ದ.

ಅವಳ ಗಂಡ ಕುಬಾತ್ ಅಕ್ರೋಟು ಮರ ಹತ್ತುವವನು. ಸೆಪ್ಟೆಂಬರ್ ಕೊನೆಗೆ ನಮ್ಮ ಊರಿಗೆ ಊರೇ ಒಲೆ, ಕೋಳಿ, ಕೌದಿ ಸಮೇತ ಕಾಡಿಗೆ ಗುಳೆ ಹೋಗುತ್ತದೆ. ಹೆಂಗಸರು, ಮಕ್ಕಳು ಕೆಳಗೆ ಆರಿಸುವುದು, ಗಂಡಸರು ಮೇಲೆ ಹತ್ತಿ ಕೊಂಬೆಯ ಮೇಲೆ ನಿಂತು ಜಿಗಿಜಿಗಿದು ಕಾಯಿ ಉದುರಿಸುವುದು. ಹಗ್ಗ ಕಟ್ಟಿಕೊಳ್ಳುವವನನ್ನು ಕಂಡರೆ ನಗುತ್ತೇವೆ. ಪ್ರತಿವರ್ಷ ಒಬ್ಬನೋ ಇಬ್ಬರೋ ಬೀಳುತ್ತಾರೆ, ಆಗ ನಗು ನಿಲ್ಲಿಸುತ್ತೇವೆ, ಮರುವರ್ಷ ಮತ್ತೆ ಶುರು. ಆ ವರ್ಷ ಬಿದ್ದವನು ಕುಬಾತ್. ಕೊಂಬೆ ಲಟಕ್ಕೆಂದು ಮುರಿದು ಅವನನ್ನೂ ಕರೆದುಕೊಂಡೇ ಕೆಳಗೆ ಬಂತು. ಬುರುಲ್ ಆಗ ಎರಡು ಮಾರು ದೂರದಲ್ಲಿ ಬಗ್ಗಿ ಕಾಯಿ ಆರಿಸುತ್ತಿದ್ದಳು. ಬಿದ್ದವನು ಕಣ್ಣು ಬಿಟ್ಟು, ನನ್ನ ಕಾಲು ಎಲ್ಲಿ ಅಂತ ಕೇಳಿದ. ಕಾಲು ಅಲ್ಲೇ ಇತ್ತು.

ಜಲಾಲ್-ಆಬಾದ್ ಪಟ್ಟಣದ ಆಸ್ಪತ್ರೆಯಲ್ಲಿ ಎರಡು ತಿಂಗಳು ಇಟ್ಟುಕೊಂಡು, ಬೆನ್ನುಹುರಿ ಜಜ್ಜಿಹೋಗಿದೆ, ಹೊಕ್ಕುಳಿಂದ ಕೆಳಗೆ ಇನ್ನು ಏನೂ ತಿಳಿಯುವುದಿಲ್ಲ ಅಂತ ಹೇಳಿ ಕಳಿಸಿದರು. ಊರಿನವರು ಹೊತ್ತು ತಂದು ಒಳಮನೆಯಲ್ಲಿ ಬಾಗಿಲಿಗೆ ಎದುರಿನ ಕೊನೆಯ ಜಾಗದಲ್ಲಿ, ಅಂದರೆ ಹಿರಿಯರಿಗೂ ಅತಿಥಿಗಳಿಗೂ ಬಿಡುವ ಮರ್ಯಾದೆಯ ಜಾಗದಲ್ಲಿ, ಏಳು ಕೌದಿ ಹಾಸಿ ಮಲಗಿಸಿದರು. ಮರ್ಯಾದೆಯೇನೋ ದೊಡ್ಡದೇ. ಆದರೆ ಬಾಗಿಲಿನಿಂದ ಅದಕ್ಕಿಂತ ದೂರದ ಜಾಗ ಆ ಮನೆಯಲ್ಲಿರಲಿಲ್ಲ. ಶೇರ್ಮತ್ ಮಾತ್ರ ಕತ್ತೆ ಹೊಡೆದುಕೊಂಡು ಕಾಡಿಗೆ ಹೋಗಿ ಆ ಮುರಿದ ಕೊಂಬೆಯನ್ನು ಎಳೆಸಿಕೊಂಡು ಬಂದು ಕೊಟ್ಟಿಗೆಯ ಗೋಡೆಗೆ ಒರಗಿಸಿದ. ಅಕ್ರೋಟು ಮರ ಕಡಿಯುವಂತಿಲ್ಲ, ತಾನಾಗಿ ಬಿದ್ದ ಕೊಂಬೆಯನ್ನು ಬೇರೆಯವರ ಒಲೆಗೆ ಬಿಡುವಂತೆಯೂ ಇಲ್ಲ.

ಎರಡು ವರ್ಷ ಹೀಗೇ ನಡೆಯಿತು. ಬುರುಲ್ ಅವನನ್ನು ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಿದಳು, ಹುಣ್ಣು ತೊಳೆದಳು, ರೊಟ್ಟಿ ಸುಟ್ಟಳು, ಹಸು ಕರೆದಳು, ಇದ್ದ ಒಬ್ಬಳು ಮಗಳನ್ನು ಶಾಲೆಗೆ ಕಳಿಸಿದಳು, ಚೀಲ ಸುರಿದು ಬಂದಳು. ಯಾರಾದರೂ ಹೇಗಿದ್ದೀಯ ಅಂದರೆ, ಇದ್ದೀನಿ ಅನ್ನುತ್ತಿದ್ದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕುಬಾತ್‌ನಿಗೆ ಕಾಲು ಮರಗಟ್ಟಿದ್ದರೆ ಇವಳಿಗೆ ಉಳಿದದ್ದೆಲ್ಲ ಮರಗಟ್ಟಿತ್ತು. ಯಾರೋ ಪುಣ್ಯಾತ್ಮರು ಕಳಿಸಿದ ಒಂದು ಗಾಲಿಕುರ್ಚಿಯೂ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಜಗಲಿಯ ಮೇಲೆ ನಿಂತಿತು. ಮಕ್ಕಳು ಸ್ವಲ್ಪ ದಿನ ಒಬ್ಬರನ್ನೊಬ್ಬರು ಕೂರಿಸಿ ತಳ್ಳಿ ಆಡಿದರು, ಆಮೇಲೆ ಒಂದು ಕೋಳಿ ಅದರಲ್ಲಿ ಮೊಟ್ಟೆಯಿಡಲು ಶುರುಮಾಡಿತು.

ಕುರ್ಚಿ ಕಳಿಸಿದವರಿಗೆ ಈ ಕೋಳಿಯ ಸುದ್ದಿ ಹೇಗೋ ಮುಟ್ಟಿರಬೇಕು. ಮೂರನೆಯ ವರ್ಷ ವಸಂತದಲ್ಲಿ, ಹಿಮ ಕರಗಿ ರಸ್ತೆ ಬಿಟ್ಟಕೂಡಲೇ, ಪಟ್ಟಣದಿಂದ, ನಡೆಯಲಾಗದವರಿಗೆ ನೆರವಾಗುವ ಅವರ ಸಣ್ಣ ಸಂಸ್ಥೆಯ ಯಜಮಾನಿ ಬಂದಳು. ಹೆಸರು ರಾಖತ್. ನಲವತ್ತೈದರ ಆಸುಪಾಸು, ಗಟ್ಟಿ ಗಂಟಲು. ಅವಳೂ ಹದಿನೈದು ವರ್ಷದ ಹಿಂದೆ ಕಾರು ಉರುಳಿ ಬೆನ್ನು ಮುರಿದುಕೊಂಡವಳೇ. ಈಗ ಕೈಯಲ್ಲೇ ಬ್ರೇಕು, ಕೈಯಲ್ಲೇ ಆಕ್ಸಿಲರೇಟರು ಮಾಡಿಸಿಕೊಂಡ ಕಾರನ್ನು ತಾನೇ ಓಡಿಸುತ್ತಾಳೆ. ಕಾರಿನಿಂದ ಕುರ್ಚಿಗೆ ತಾನೇ ದಾಟಿಕೊಂಡದ್ದನ್ನು ನೋಡಲು ಅರ್ಧ ಊರು ಬೇಲಿಯ ಹತ್ತಿರ ನಿಂತಿತ್ತು. ನಾಲ್ಕು ಜನ ಗಂಡಸರು ಓಡಿಬಂದು ಎತ್ತಿ ಒಳಗೆ ಕರೆದೊಯ್ಯುತ್ತೇವೆ ಅಂದರು. ಅವಳು ಒಪ್ಪಲಿಲ್ಲ. ತಾನು ಒಳಗೆ ಹೋಗಲಾಗದ ಮನೆಯಿಂದ ಅವನು ಹೊರಗೆ ಹೇಗೆ ಬಂದಾನು, ಅವನನ್ನೇ ಬಾಗಿಲ ತನಕ ತನ್ನಿ ಅಂದಳು.

ಕೌದಿ ಸಮೇತ ಕುಬಾತ್‌ನನ್ನು ಬಾಗಿಲಿಗೆ ಎಳೆದು ತಂದರು. ಅವನು ಒಳಗೆ, ಅವಳು ಅಂಗಳದಲ್ಲಿ, ನಡುವೆ ಹೊಸಿಲು. ಹೊಸಿಲಿನ ಆಚೀಚೆ ನಿಂತು ಮಾತಾಡಿದರೆ ಜಗಳವಾಗುತ್ತದೆ ಅನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತು. ಶೇರ್ಮತ್‌ಗೆ ಕಸಿವಿಸಿಯಾಯಿತು, ಅತಿಥಿ ಅಂತ ಸುಮ್ಮನಿದ್ದ. ರಾಖತ್ ನೇರವಾಗಿ ಕುಬಾತ್‌ನನ್ನು ಕೇಳಿದಳು, "ನೀನು ಎಲ್ಲಿಗೆ ಹೋಗ್ಬೇಕು ತಮ್ಮಾ?"

"ಇವನಿಗೆಲ್ಲಿಗೆ ಹೋಗೋದಿದೆ ಮಗಳೇ," ಅಂದ ಶೇರ್ಮತ್. "ಮನೇಲಿ ಎಲ್ಲಾ ಇದೆಯಲ್ಲ."

"ನಿಮ್ಮನ್ನ ಕೇಳ್ಲಿಲ್ಲ, ಅತಾ," ಅಂದಳು ರಾಖತ್. ಅಪ್ಪನ ಸಮಾನರಿಗೆ ಹೇಳುವ ಆ 'ಅತಾ' ಇಲ್ಲದಿದ್ದರೆ ಅದು ಬೈಗುಳವೇ ಆಗುತ್ತಿತ್ತು.

ಕುಬಾತ್ ಕೌದಿಯ ಅಂಚು ಹಿಡಿದುಕೊಂಡು ಹೊಸಿಲಾಚೆಗೆ ನೋಡಿದ. ಆಮೇಲೆ ಹೇಳಿದ, "ನನ್ನ ಉಚ್ಚೆ ಚೀಲಾನ ನಾನೇ ತಗೊಂಡ್ಹೋಗಿ ಚೆಲ್ಬೇಕು, ಎಜೆ. ಅಷ್ಟು ಸಾಕು."

ಎಜೆ ಅಂದರೆ ಅಕ್ಕ. ಬುರುಲ್ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಎರಡು ವರ್ಷದಲ್ಲಿ ಅವನು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. ತಾನು ಶಾಲಿನಡಿ ಚೀಲ ಮುಚ್ಚಿಕೊಂಡು ಮಾವನ ಮುಂದೆ ಹೋಗುವುದನ್ನು ಅವನು ದಿನಕ್ಕೆ ನಾಲ್ಕು ಸಲ ಲೆಕ್ಕವಿಟ್ಟು ನೋಡುತ್ತಿದ್ದ ಅನ್ನುವುದು ಅವಳಿಗೆ ಅವತ್ತು ತಿಳಿಯಿತು. ತಿಳಿದು ಏನನ್ನಿಸಿತು ಅಂದರೆ, ಏನೂ ಅನ್ನಿಸಲಿಲ್ಲ. ಚಹಾ ಕೊಟ್ಟಳು.

ರಾಖತ್ ಜೊತೆಗೆ ಬಂದ ಇಂಜಿನಿಯರ್ ಅಳತೆ ತೆಗೆದುಕೊಂಡ. ಬಾಗಿಲು ಅಗಲ ಮಾಡುವುದು, ಮೂರು ಮೆಟ್ಟಿಲ ಬದಲು ಏಳು ಮೀಟರ್ ಉದ್ದದ ಇಳಿಜಾರು, ಅದರ ತುದಿಗೆ ಕುರ್ಚಿ ನುಗ್ಗುವಂಥ ಹೊಸ ಪಾಯಿಖಾನೆ, ಹೊಸಿಲು ನೆಲಸಮ. ಸಿಮೆಂಟು, ಮರ, ಬಾಗಿಲು ಸಂಸ್ಥೆಯದು, ಮೈಕೆಲಸ ಊರಿನದು. ಹೊಸಿಲಿನ ಮಾತು ಬಂದಾಗ ಶೇರ್ಮತ್ ಗಡ್ಡ ಸವರಿಕೊಂಡ. ಒಂದು ಬೆರಳು ಎತ್ತರ ಉಳಿದರೂ ಇಷ್ಟೆಲ್ಲ ಕೆಲಸ ಮಣ್ಣುಪಾಲು ಅಂತ ರಾಖತ್ ಎರಡೆರಡು ಸಲ ಹೇಳಿದಳು. ಅವನು ಆಗಲಿ ಅಂದ.

ಊರಿನವರೆಲ್ಲ ಸೇರಿ ಬಿಟ್ಟಿಯಾಗಿ ಒಬ್ಬರ ಕೆಲಸ ಮಾಡಿಕೊಡುವುದಕ್ಕೆ ನಾವು ಅಶಾರ್ ಅನ್ನುತ್ತೇವೆ. ಅಶಾರ್‌ಗೆ ಕರೆದಾಗ ಬರದವನು ಹೆಣಕ್ಕೆ ಸಮ. ಮೂವತ್ತು ಜನ ಬಂದರು, ಒಂದು ಕುರಿ ಹೋಯಿತು, ಬುರುಲ್ ಎರಡು ದಿನ ಪಲಾವಿನ ಕಡಾಯಿಯ ಮುಂದಿನಿಂದ ಏಳಲಿಲ್ಲ. ಏಳು ಮೀಟರ್ ಇಳಿಜಾರು ನೋಡಿ ತಮಾಷೆಯೋ ತಮಾಷೆ: ಕುಬಾತ್ ಕುರ್ಚಿ ಬಿಟ್ಟು ರೈಲು ತರಿಸಿಕೊಂಡಿದ್ದಾನಾ, ಅರ್ಧಕ್ಕೆ ಚಹಾದಂಗಡಿ ಇಡೋಣವಾ ಅಂತ. ಕುಬಾತ್ ಒಳಗಿನಿಂದ, ಚಹಾ ಬೇಡ, ಟಿಕೆಟ್ ನಿಮ್ಮಪ್ಪನ ಕೈಲಿ ವಸೂಲಿ ಮಾಡ್ತೀನಿ ಅಂತ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಹಿಂದೆ ಹೀಗೇ ಇದ್ದ ಅನ್ನುವುದು ಬುರುಲ್‌ಗೆ ನೆನಪಾಯಿತು, ಸೌಟು ತಿರುವುತ್ತಲೇ ಇದ್ದಳು. ಹಳೆಯ ಹೊಸಿಲನ್ನು ಕೊಯ್ದು ಎತ್ತುವಾಗ ಮಾತ್ರ ಮುದುಕರು ಬೇರೆ ಕಡೆ ಮುಖ ತಿರುಗಿಸಿದರು. ಹೊಸಿಲಿಲ್ಲದ ಮನೆಯ ಬರಕತ್ತು, ಇದ್ದ ಏಳಿಗೆಯೆಲ್ಲ, ಹರಿದು ಹೋಗುತ್ತದೆ ಅಂತ ಯಾರೋ ಮೆಲ್ಲಗೆ ಅಂದರು.

ಸಿಮೆಂಟು ಗಟ್ಟಿಯಾಗಲು ಒಂದು ವಾರ ಗಾಲಿ ಇಡಬಾರದು ಅಂತ ಇಂಜಿನಿಯರ್ ಹೇಳಿ ಹೋಗಿದ್ದ. ಆ ಒಂದು ವಾರ ಶೇರ್ಮತ್ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮಗನನ್ನು ಕೆಡವಿದ ಆ ಕೊಂಬೆಯನ್ನು ಸೀಳಿ, ಹುಳ ತಿಂದು ಟೊಳ್ಳಾಗಿದ್ದ ಅರ್ಧವನ್ನು ಒಲೆಗೆ ಹಾಕು ಅಂತ ಬುರುಲ್‌ಳ ಮುಂದೆ ಎಸೆದ. ಅವಳು ಅದರಲ್ಲಿ ಎರಡು ದಿನ ರೊಟ್ಟಿ ಸುಟ್ಟಳು. ಗಟ್ಟಿ ಇದ್ದ ಅರ್ಧವನ್ನು ಅವನು ಕೀಸುಳಿ ಹಿಡಿದು ಹೆರೆದು, ಅಂಚಿಗೆ ಬಳ್ಳಿ ಕೆತ್ತಿ, ಅಕ್ರೋಟಿನ ಎಣ್ಣೆ ತಿಕ್ಕಿ ಕನ್ನಡಿಯ ಹಾಗೆ ಮಾಡಿದ. ಏಳನೆಯ ದಿನ ಬೆಳಿಗ್ಗೆ ಅದನ್ನು ಹೊಸ ಬಾಗಿಲಿಗೆ ಹೊಸಿಲಾಗಿ ಕೂರಿಸಿ ಎರಡು ತುದಿಗೆ ಬೋಲ್ಟು ಬಿಗಿದ. ಮೂರು ಬೆರಳು ಎತ್ತರ. ಹಳೆಯದರ ಅರ್ಧವೂ ಇಲ್ಲ ಅಂತ ಅವನೇ ಎಲ್ಲರಿಗೂ ತೋರಿಸಿದ.

ಊರಿಗೆ ಊರೇ ಬಂದು ನೋಡಿತು. ಅಂಥ ಕೆಲಸ ಈ ಸೀಮೆಯಲ್ಲಿಲ್ಲ ಅಂದಿತು. ಈಗ ಮನೆ ಮನೆಯ ಹಾಗಾಯಿತು ಅಂದಿತು. ಕುಬಾತ್‌ನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನು ಎರಡು ಕೈಯಲ್ಲಿ ಗಾಲಿ ತಿರುಗಿಸಿಕೊಂಡು ಬಾಗಿಲಿಗೆ ಬಂದ. ಮುಂದಿನ ಚಿಕ್ಕ ಗಾಲಿಗಳು ಹೊಸಿಲಿಗೆ ತಾಗಿ ನಿಂತವು. ಹಿಂದೆ ಸರಿದು ಇನ್ನೊಮ್ಮೆ ಬಂದ. ಮತ್ತೆ ನಿಂತವು. ಅಷ್ಟರಲ್ಲಿ ನಾಲ್ಕು ಜನ ಮುನ್ನುಗ್ಗಿ, ಮೂರು ಬೆರಳು ಯಾವ ಲೆಕ್ಕ, ನಾವಿಲ್ಲವಾ ಅಂತ ಕುರ್ಚಿ ಸಮೇತ ಎತ್ತಿ ಆಚೆಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶೇರ್ಮತ್‌ನ ಕಣ್ಣು ಒದ್ದೆಯಾಯಿತು. ಉಪಕಾರ ಮಾಡುವ ಭರದಲ್ಲಿ ನಮಗೆ ಕಣ್ಣು ಕಾಣುವುದಿಲ್ಲ, ಇದು ನಮ್ಮ ಜಾತಿಯ ಗುಣ. ಕುಬಾತ್ ಏಳು ಮೀಟರ್ ಇಳಿದು, ಏಳು ಮೀಟರ್ ಹತ್ತಿ ಬಂದ. ಅವರೇ ಎತ್ತಿ ಒಳಗಿಟ್ಟರು. ಊಟ ಮಾಡಿ ಮನೆಗೆ ಹೋದರು.

ಮರುದಿನದಿಂದ ಎತ್ತಲು ಉಳಿದವಳು ಬುರುಲ್ ಒಬ್ಬಳೇ. ಕುರ್ಚಿಯ ಮುಂದಿನ ಗಾಲಿ ಎತ್ತುವುದು, ಹಿಂದಿನ ಗಾಲಿ ಎತ್ತುವುದು, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಮೊದಲು ಬರೀ ಚೀಲ ಹೊರುತ್ತಿದ್ದವಳು ಈಗ ಜೊತೆಗೆ ಗಂಡನನ್ನೂ ಹೊರತೊಡಗಿದಳು. ಕೆಲಸ ನೋಡಲು ರಾಖತ್ ಬರಬೇಕಾಗಿತ್ತು, ರಸ್ತೆಯ ಮೇಲೆ ಗುಡ್ಡ ಜರಿದು ಬರಲಾಗಲಿಲ್ಲ, ಫೋನ್ ಮಾಡಿದಳು. ಹೊಸಿಲು ತೆಗೆದರಾ ಅಂತ ಕೇಳಿದಳು. ಮಾವ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ. ತೆಗೆದರು ಅಂದಳು ಬುರುಲ್. ಆ ಮಾತು ಸುಳ್ಳೂ ಆಗಿರಲಿಲ್ಲ.

ಐದನೆಯ ದಿನ ಅವಳು ಕೊಟ್ಟಿಗೆಯಲ್ಲಿದ್ದಾಗ, ಕುರ್ಚಿಯಲ್ಲಿ ಕೂತಿದ್ದ ಕುಬಾತ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಹೊರಟ. ವೇಗವಾಗಿ ಬಂದರೆ ಹಾರಬಹುದು ಅಂತ ಅವನ ಎಣಿಕೆ. ಕುರ್ಚಿ ಎಡವಿತು, ಅವನು ಮುಗ್ಗರಿಸಿ ಹೊಸಿಲ ಮೇಲೆ ಬೋರಲು ಬಿದ್ದ, ಚೀಲ ಒಡೆಯಿತು. ಬುರುಲ್ ಓಡಿಬಂದಾಗ ಆ ಕೆತ್ತಿದ ಬಳ್ಳಿಯ ಸಂದುಸಂದಿನಲ್ಲೂ ಉಚ್ಚೆ ನಿಂತಿತ್ತು. ಅವಳು ಅವನನ್ನು ಎಳೆದು ಒಳಗೆ ತಂದಳು, ತೊಳೆದಳು, ಹೊಸಿಲನ್ನೂ ತೊಳೆದಳು. ಸಂಜೆ ಶೇರ್ಮತ್ ಅದಕ್ಕೆ ಮತ್ತೆ ಎಣ್ಣೆ ತಿಕ್ಕಿದ. ಕುಬಾತ್ ಗೋಡೆಯ ಕಡೆ ಮುಖ ಮಾಡಿ, "ಬಿಡು, ನೀನೇ ತಗೊಂಡ್ಹೋಗು," ಅಂದ. ಅಷ್ಟೇ. ಆಮೇಲೆ ಅವನು ಕುರ್ಚಿ ಏರಲಿಲ್ಲ. ಕುರ್ಚಿ ಜಗಲಿಗೆ ಹೋಯಿತು. ಅದಾಗಿ ಮೂರನೆಯ ದಿನ ಬುರುಲ್ ನೋಡಿದಾಗ ಅದರಲ್ಲಿ ಕೋಳಿ ಕೂತಿತ್ತು.

ಅವತ್ತು ಶುಕ್ರವಾರ. ಮಾವ ನಮಾಜಿಗೆ ಹೋಗಿದ್ದ. ಬುರುಲ್ ಕೋಳಿಯನ್ನು ಎತ್ತಿ ಕೆಳಗಿಟ್ಟಳು, ಮೊಟ್ಟೆಯನ್ನು ಒಳಗಿಟ್ಟಳು, ಕುರ್ಚಿ ಒರೆಸಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ ಗರಗಸ ತಂದಳು. ಕೈಗೆ ಸಿಕ್ಕಿದ್ದು ಮರ ಕೊಯ್ಯುವ ಎರಡು ಹಿಡಿಯ ಉದ್ದ ಗರಗಸ, ಇಬ್ಬರು ಎಳೆಯುವಂಥದ್ದು. ಹೊಸಿಲಿನ ಒಳಗಡೆ ಮಂಡಿಯೂರಿದಳು, ಅದು ಸರಿಬರಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಕಿ ಹೊಸಿಲ ಮೇಲೆಯೇ ಕೂತಳು. ಹನ್ನೊಂದು ವರ್ಷ ಆ ಮನೆಯ ಹೊಸಿಲನ್ನು ಕಾಲಿನಿಂದಲೂ ಸೋಕದವಳು ಹಾಗೆ ಕೂತು ಕೊಯ್ಯತೊಡಗಿದಳು. ಗರಗಸದ ಆಚೆಯ ಹಿಡಿ ಅಂಗಳದ ಕಡೆ ತೂಗಾಡುತ್ತಿತ್ತು, ಹಲ್ಲು ಜಾರುತ್ತಿತ್ತು. ಅಕ್ರೋಟು ಗಟ್ಟಿ ಮರ. ಅರ್ಧ ಗಂಟೆಯಲ್ಲಿ ಒಂದು ಬೆರಳೂ ಇಳಿದಿರಲಿಲ್ಲ.

ನಮಾಜು ಮುಗಿಸಿ ಬಂದ ಶೇರ್ಮತ್ ಇಳಿಜಾರು ಹತ್ತಿ ಬಂದು ಎದುರಿಗೆ ನಿಂತ. ಅಲ್ಲಿ ಕೂರಬಾರದು, ಏಳು ಅಂದ. ಅವಳು ಏಳಲಿಲ್ಲ. ಕೊಯ್ಯುವುದನ್ನೂ ನಿಲ್ಲಿಸಲಿಲ್ಲ.

"ನಿನಗೆ ಗೊತ್ತಿಲ್ಲ ಮಗಾ," ಅಂದ ಮುದುಕ. ದನಿ ಏರಿರಲಿಲ್ಲ. "ಬಿದ್ದ ವರ್ಷ ಕಾಡಿಗೆ ಹೊರಡೋ ದಿನ ಬೆಳಿಗ್ಗೆ ಇವನು ಹೊಸಿಲ ಮೇಲೆ ನಿಂತ್ಕೊಂಡು ರೊಟ್ಟಿ ಮುರೀತಿದ್ದ. ನಾನು ಕಣ್ಣಾರೆ ನೋಡ್ದೆ. ಹೊಸಿಲು ತುಳಿದವನಿಗೆ ಕೇಡು ತಪ್ಪಲ್ಲ ಅಂತ ಗೊತ್ತಿದ್ದೂ, ಹೊತ್ತಾಗಿತ್ತು ಅಂತ ಬಯ್ಯಲಿಲ್ಲ. ಒಂದು ಮಾತು ಇಳಿಯೋ ಅಂದಿದ್ರೆ ಆಗ್ತಿತ್ತು. ಇನ್ನು ಹೊಸಿಲೇ ಇಲ್ಲದ ಮನೇಲಿ ಇವನನ್ನ ಕಾಯೋದು ಏನು?"

ಗರಗಸ ನಿಂತಿತು. ಎರಡು ವರ್ಷದಿಂದ ಬುರುಲ್ ಯಾರಿಗೂ ಹೇಳದ್ದು ಅದೇ ಮಾತು.

"ನಿಲ್ಲಿಸಿದ್ದು ನಾನು, ಅತಾ," ಅಂದಳು. "ರೊಟ್ಟಿ ಮರೆತು ಹೊರಟಿದ್ರು. ಕೂಗಿ ಕರೆದೆ. ಹೊಸಿಲ ಮೇಲಿಂದ್ಲೇ ಕೈಗೆ ಕೊಟ್ಟೆ. ಎರಡು ವರ್ಷದಿಂದ ನಾನೂ ಇದನ್ನೇ ಜಗೀತಾ ಇದೀನಿ." ಒಂದು ಉಸಿರು ತೆಗೆದುಕೊಂಡಳು. "ಆದ್ರೆ ಕೊಂಬೆ ಒಳಗೆ ಟೊಳ್ಳಿತ್ತು. ನೀವೇ ಸೀಳಿದ್ರಿ, ನೀವೇ ಎಸೆದ್ರಿ. ನಾನು ಅದರಲ್ಲೇ ರೊಟ್ಟಿ ಸುಟ್ಟು ನಿಮಗೆ ಹಾಕಿದೀನಿ. ನೀವು ಬೈದಿದ್ರೂ ಅದು ಮುರೀತಿತ್ತು, ನಾನು ಕರೀದೇ ಇದ್ರೂ ಮುರೀತಿತ್ತು."

ದನಿ ಹೊಸಿಲಿಗಿಂತ ಎತ್ತರವೇ ಆಗಿತ್ತು. ಒಳಗೆ ಕುಬಾತ್ ಮೊಣಕೈ ಊರಿ ಎದ್ದು ಇತ್ತ ನೋಡುತ್ತಿದ್ದ.

ಶೇರ್ಮತ್ ತಾನು ಕೆತ್ತಿದ ಬಳ್ಳಿಯನ್ನು ನೋಡಿದ, ಒಳಗಿದ್ದ ಮಗನನ್ನು ನೋಡಿದ. ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಇಳಿಜಾರಿನ ಮೇಲೆ ಮಂಡಿಯೂರಿ, ತೂಗಾಡುತ್ತಿದ್ದ ಆಚೆಯ ಹಿಡಿಯನ್ನು ಹಿಡಿದುಕೊಂಡ.

"ತಳ್ಳಬಾರದು," ಅಂದ. "ಬರೀ ಎಳೀಬೇಕು. ನಿನ್ನ ಸರದಿಗೆ ನೀನು, ನನ್ನ ಸರದಿಗೆ ನಾನು. ಇಳಿದು ಒಳಗೆ ಕೂತ್ಕೋ."

ಸೊಸೆ ಒಳಗೆ, ಮಾವ ಹೊರಗೆ. ಗರಗಸ ಅತ್ತಿಂದಿತ್ತ ಸಲೀಸಾಗಿ ಓಡತೊಡಗಿತು. ಎಡಗಡೆ ಒಂದು ಗೀರು, ಬಲಗಡೆ ಒಂದು ಗೀರು, ಕುರ್ಚಿಯ ಅಗಲಕ್ಕೆ ಎರಡು ಬೆರಳು ಹೆಚ್ಚು ಬಿಟ್ಟು ಮುದುಕನೇ ಗುರುತು ಹಾಕಿದ. ನಡುವಿನ ತುಂಡನ್ನು ಉಳಿ ಹಾಕಿ ಮೀಟಿದಾಗ ಅದು ಇಡಿಯಾಗಿ ಎದ್ದುಬಂತು. ಎರಡು ಕಡೆ ಬೋಲ್ಟು ಬಿಗಿದ ಗೇಣುಗೇಣುದ್ದದ ತುದಿಗಳು ಹಾಗೇ ಉಳಿದವು, ಬಳ್ಳಿಯ ಸಮೇತ. ಮನೆಗೆ ಹೊಸಿಲಿಲ್ಲ ಅನ್ನುವಂತಿಲ್ಲ, ಇದೆ ಅನ್ನುವಂತೆಯೂ ಇಲ್ಲ. ಮುದುಕ ನೆಲವನ್ನು ಅಂಗೈಯಲ್ಲಿ ಸವರಿ, ತರಿ ಇದ್ದ ಕಡೆ ಹೆರೆದ. ಮತ್ತೆ ಸವರಿ ನೋಡಿದ.

ಕುರ್ಚಿಯನ್ನು ಒಳಗೆ ತಂದು ಕುಬಾತ್‌ನನ್ನು ಕೂರಿಸಿದರು. ಚೀಲವನ್ನು ಅವನೇ ಕೊಳವೆಯಿಂದ ಬಿಡಿಸಿದ, ತೊಡೆಯ ಮೇಲಿಟ್ಟುಕೊಂಡ. ಬಾಗಿಲ ಹತ್ತಿರ ಬಂದಾಗ ಅಭ್ಯಾಸದಿಂದ ಒಂದು ಗಳಿಗೆ ನಿಂತ. ಬುರುಲ್‌ಳ ಕೈ ತಾನಾಗಿ ಮುಂದಕ್ಕೆ ಹೋಯಿತು. ಶೇರ್ಮತ್ ಅವಳನ್ನು ನೋಡಿ ತಲೆ ಅಲ್ಲಾಡಿಸಿದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಗಾಲಿ ಹೊಸಿಲ ಜಾಗ ದಾಟಿದ ಸದ್ದು ಕೇಳಿಸಲೇ ಇಲ್ಲ. ಇಳಿಜಾರಿನಲ್ಲಿ ಇಳಿದದ್ದು ಕೇಳಿಸಿತು. ಪಾಯಿಖಾನೆಯ ಬಾಗಿಲು ತೆರೆದದ್ದು ಕೇಳಿಸಿತು, ಮುಚ್ಚಿದ್ದು ಕೇಳಿಸಿತು. ಬುರುಲ್ ಅವನು ಕರೆಯುತ್ತಾನೆ ಅಂತ ಕಾದಳು. ಕರೆಯಲಿಲ್ಲ. ಸುಮ್ಮನೆ ನಿಂತು ಅಭ್ಯಾಸವಿಲ್ಲದ ಕೈಗಳನ್ನು ಶಾಲಿಗೆ ಒರೆಸಿಕೊಂಡಳು. ಆಗ ಅವಳಿಗೆ ವಾಸನೆ ಬಂತು. ಉಚ್ಚೆಯ ವಾಸನೆ, ಎರಡು ವರ್ಷದ್ದು, ಶಾಲಿನ ನೂಲುನೂಲಿನಲ್ಲೂ ಇತ್ತು. ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ಅವಳು ಶಾಲು ಬಿಚ್ಚಿ, ಬೋಗುಣಿಗೆ ಬಿಸಿನೀರು ಹಾಕಿ, ಸೋಪು ಉಜ್ಜಿ ನೆನೆಹಾಕಿದಳು.